ಕಿತ್ತಳೆ ಸಿಪ್ಪೆ

ಲೋಟವನ್ನು ಹಳೇ ಗಿರಾಕಿ ಬರ್ಟೋಲಿನೊ ಅವರ ಮುಂದಿಟ್ಟ ಮೇಲೇ ಒರ್ನೆಲ್ಲಾಳ ಕಣ್ಣಿಗೆ ವರ್ಮೂತ್ ವೈನಿನ ಬಾಟಲಿಯ ಸೀಲು ಬಿದ್ದದ್ದು. ಅದನ್ನಿನ್ನೂ ಒಡೆದೇ ಇರಲಿಲ್ಲ! ವರ್ಮೂತ್ ಇಲ್ಲದ ನೆಗ್ರೋನಿ ಕಾಕ್‌ಟೇಲ್, ಅದೂ ವರ್ಮೂತ್ ಹುಟ್ಟಿದ ಟ್ಯೂರಿನ್ನಿನಲ್ಲಿ, ಅದೂ ಈ ಮುದುಕರಿಗೆ. ಹೊಸಬರು ಬೆರೆಸಿದ ಮೊದಲ ಲೋಟಕ್ಕೆ ಇವರು ಹೂಂ ಅಂದರೆ ಮಾತ್ರ ಈ ಬಾರಿನಲ್ಲಿ ಕೆಲಸ. ಕೊಡುವ ಮೊದಲು ಸ್ಟ್ರಾ ಅದ್ದಿ ತಾನೂ ರುಚಿ ನೋಡಿದ್ದಳು, ಬರೀ ನಾಟಕಕ್ಕೆ. ಮಾರ್ಚಿನಲ್ಲಿ ಬಂದ ಜ್ವರ ಹೋಗುವಾಗ ಅವಳ ಮೂಗಿನ ವಾಸನೆ, ನಾಲಿಗೆಯ ರುಚಿ ಎರಡನ್ನೂ ಹೊತ್ತುಕೊಂಡು ಹೋಗಿತ್ತು. ಅದನ್ನು ಯಾರಿಗೂ ಹೇಳಿರಲಿಲ್ಲ.

ಮುದುಕರು ಒಂದು ಗುಟುಕು ಕುಡಿದು ಕಣ್ಣು ಮುಚ್ಚಿದರು.

"ಏನ್ ಸ್ವಾಮಿ, ಧ್ಯಾನಕ್ಕೆ ಕೂತ್ರಾ? ಹುಡುಗಿ ಉಸಿರು ಬಿಡ್ಬೇಕೋ ಬೇಡ್ವೋ?" ಮಾಲೀಕ ರೆನ್ಸೊ ರೇಗಿಸಿದ.

"ಬಾಯ್ಮುಚ್ಚೋ. ನಿಮ್ಮಪ್ಪನ ಕೈರುಚಿ ಇದೆ ಇದ್ರಲ್ಲಿ. ವರ್ಮೂತ್ ಅಂತೂ ಎಷ್ಟು ಹದವಾಗಿ ಬಿದ್ದಿದೆ! ಇಟ್ಕೊ ಇವಳನ್ನ."

ರೆನ್ಸೊ ನಗುತ್ತಾ ಆಲಿವ್ ತಟ್ಟೆ ಹಿಡಿದು ಆಚೆ ಮೇಜಿಗೆ ಹೋದ. ಒರ್ನೆಲ್ಲಾಳ ದಿಗಿಲು ಮಾತ್ರ ಇಳಿಯಲಿಲ್ಲ. ಮುದುಕರು ತನ್ನನ್ನು ಆಟ ಆಡಿಸುತ್ತಿದ್ದಾರೆಯೇ? ಅಷ್ಟರಲ್ಲಿ ಅವರು ಲೋಟದೊಳಗಿನ ಕಿತ್ತಳೆ ಸಿಪ್ಪೆ ತೆಗೆದು, ಹಿಂಡಿ, ಮೂಸಿದರು. ಮತ್ತೆ ಮೂಸಿದರು. ಆಮೇಲೆ ಮೂಗಿನ ಹೊಳ್ಳೆಗೇ ಒತ್ತಿ ಹಿಡಿದು, ಮುಚ್ಚಿದ ಬಾಗಿಲ ಮುಂದೆ ಕಾಯುವವರ ಹಾಗೆ ಸುಮ್ಮನೆ ಕೂತರು. ದಿನಾ ಬೆಳಿಗ್ಗೆ ಕಾಫಿ ಡಬ್ಬಿ ತೆರೆದು ಮೂಗಿಟ್ಟು ಅವಳೂ ಹೀಗೇ ಕಾಯುತ್ತಿದ್ದಳು.

ಅವಳು ಬಗ್ಗಿ ಪಿಸುಗುಟ್ಟಿದಳು: "ಯಾವಾಗಿಂದ, ಸಿನ್ಯೋರ್?"

ಮುದುಕರು ಸಿಪ್ಪೆಯನ್ನು ಲೋಟಕ್ಕೆ ಹಾಕಿದರು. ಅವರು ರೆನ್ಸೊ ಕಡೆ ಒಮ್ಮೆ ಕಳ್ಳನೋಟ ಹಾಯಿಸಿದರು.

"ಹೋದ ಚಳಿಗಾಲದಿಂದ," ಅಂದರು. "ನಿಂಗೆ?"