ಕಿವಿಯಲ್ಲಿ ಹೇಳಿದ ಹೆಸರು

ಅವಳ ಮೊದಲಿನ ಎರಡು ಮಕ್ಕಳೂ ವರ್ಷ ತುಂಬುವ ಮುಂಚೆಯೇ ಹೋಗಿದ್ದವು. ಮೂರನೆಯವನಿಗೆ ಗಂಡ ‘ಚಿರಾಯು’ ಎಂಬ ಹೆಸರು ಆರಿಸಿದ್ದ.

“ಸಂಸ್ಕೃತದ್ದು. ಬಹಳ ಕಾಲ ಬಾಳುವವನು ಅಂತ ಅರ್ಥ,” ಎಂದು ನಾಮಕರಣಕ್ಕೆ ಬಂದವರಿಗೆಲ್ಲ ನಗುನಗುತ್ತ ಹೇಳುತ್ತಿದ್ದ. “ಈಗ ಎಲ್ಲರೂ ಇದನ್ನೇ ಇಡ್ತಿದ್ದಾರೆ. ನಮ್ಮ ಬೀದಿಯಲ್ಲೇ ಮೂವರಿದ್ದಾರೆ.”

ಅದನ್ನು ಕೇಳಿಸಿಕೊಂಡ ಅವಳು ಮಗುವಿನ ಕಿವಿಯಲ್ಲಿ ಹೆಸರು ಹೇಳಬೇಕಿದ್ದ ನಾದಿನಿಯನ್ನು ಅಡುಗೆಮನೆಗೆ ಎಳೆದುಕೊಂಡು ಹೋದಳು.

“ಅದನ್ನ ಹೇಳಬೇಡ ಕಣೆ. ಹೋದ ಎರಡಕ್ಕೂ ಚೆಂದದ ಹೆಸರೇ ಇಟ್ಟಿದ್ವಿ. ಇವನಿಗೆ ತಿಪ್ಪ ಅನ್ನು. ತಿಪ್ಪೆ ಮೇಲಿನ ಕಸ ಅಂದ್ಕೊಂಡು ಜವರಾಯ ಬಿಟ್ಟು ಹೋಗ್ಲಿ. ನಿಮ್ಮಣ್ಣನಿಗೆ ಮಾತ್ರ ಹೇಳಬೇಡ, ಮೂಢನಂಬಿಕೆ ಅಂತ ಬೈತಾರೆ.”

ನಾದಿನಿ ತೊಟ್ಟಿಲಿಗೆ ಬಗ್ಗಿ ಮೂರು ಸಲ ಪಿಸುಗುಟ್ಟಿದಳು. ಎಲ್ಲರೂ ಅಕ್ಷತೆ ಹಾಕಿದರು.

ಎಲೆ ಹಾಕುವ ಹೊತ್ತಿಗೆ ಅವಳು ಮತ್ತೆ ಬಂದು ನಾದಿನಿಯ ಸೆರಗು ಹಿಡಿದಳು.

“ನಾನು ಅಂದಿದ್ದನ್ನೇ ಹೇಳಿದೆ ತಾನೆ?”

“ಹೇಳಿದೆ ಅತ್ತಿಗೆ. ಬೆಳಿಗ್ಗೆನೇ ಅಣ್ಣ ನನ್ನ ಕೈ ಹಿಡ್ಕೊಂಡು, ತಿಪ್ಪ ಅಂತ ಹೇಳು, ನಿಮ್ಮತ್ತಿಗೆಗೆ ಗೊತ್ತಾಗೋದು ಬೇಡ ಅಂತ ಅತ್ತಿದ್ದ.”