ಅಮ್ಮ ಹೆದರಿದ ಮಧ್ಯಾಹ್ನ

ದೆವ್ವದ ಕಥೆ ಬರೆಯುವುದೇ ನನ್ನ ಕೆಲಸವಾಗಿರುವ ಈಗಲೂ, ಹಾಲು ಸೀದ ವಾಸನೆ ಬಂದರೆ ವಿದ್ಯಾನಗರದ ನಮ್ಮ ಬಾಡಿಗೆ ಮನೆಯ ಒಂದು ಮಧ್ಯಾಹ್ನ ನೆನಪಾಗುತ್ತದೆ.

ನಾನು ಆಟ ಬಿಟ್ಟು ಒಳಗೆ ಬಂದಾಗ ಹಾಲು ಉಕ್ಕಿ ಒಲೆಯ ಮೇಲೆಲ್ಲ ಹರಿದಿತ್ತು. ಅಮ್ಮ ಪಕ್ಕದಲ್ಲೇ ನೆಲದ ಮೇಲೆ ಕೂತು ಲೈಬ್ರರಿಯ ಕಾದಂಬರಿಯೊಂದನ್ನು ಓದುತ್ತಿದ್ದಳು. ಎಷ್ಟೋ ಜನರ ಬೆರಳು ತಾಗಿ ಅದರ ಮೂಲೆಗಳು ಹಳೇ ಸೀರೆಯಂತೆ ಮೆತ್ತಗಾಗಿದ್ದವು. ಹರಿಹರದ ಹೊಳೆದಂಡೆಯಲ್ಲಿ ಬೆಳೆದ ಅಮ್ಮ ಹಾವು ಬಂದರೂ ತಾನೇ ಕೋಲು ಹಿಡಿದು ಓಡಿಸುತ್ತಿದ್ದಳು. ಅಂಥವಳು ಹಿತ್ತಿಲ ಬಾಗಿಲ ಚಿಲಕ ಹಾಕಿಕೊಂಡು ಕೂತಿದ್ದಳು.

"ಅಮ್ಮಾ, ಹಾಲು!" ಎಂದೆ.

"ಹೋಗ್ಲಿ ಬಿಡು. ನನ್ ಪಕ್ಕ ಕೂಡು, ಏಳಬ್ಯಾಡ. ಬಾವ್ಯಾಗೆ ಯಾರೋ ಅದಾರೆ."

ನಮ್ಮ ಮನೆಗೆ ಬಾವಿಯೇ ಇರಲಿಲ್ಲ; ಅವಳು ಹೇಳಿದ್ದು ಪುಸ್ತಕದೊಳಗಿನ ಬಾವಿ. ಆದರೂ ನಾನು ಸೆರಗು ಹಿಡಿದು ಕೂತೆ. ಅವಳು ನನಗೂ ಕೇಳುವಂತೆ ಸಣ್ಣ ದನಿಯಲ್ಲಿ ಓದತೊಡಗಿದಳು. ಹೊರಗೆ ಬಿಸಿಲು ಉರಿಯುತ್ತಿದ್ದರೂ ನನ್ನ ಮೈ ತಣ್ಣಗಾಯಿತು. ಬರೀ ಅಕ್ಷರಗಳು ಅಮ್ಮನನ್ನು ಹೀಗೆ ಹೆದರಿಸಬಲ್ಲವೇ ಎಂದು ಆ ಪುಟಗಳನ್ನೇ ನೋಡಿದೆ.

ಊಟಕ್ಕೆಂದು ಸ್ಕೂಟರಿನಲ್ಲಿ ಬಂದ ಅಪ್ಪ, "ಏನಿದು ಸೀದ ವಾಸ್ನೆ?" ಎಂದು ರೇಗಿದರು. ಅಮ್ಮ ತಲೆ ಎತ್ತಲಿಲ್ಲ, ಓದುತ್ತಲೇ ಇದ್ದಳು. ಅಪ್ಪ ಒಲೆ ಆರಿಸಿ ಅಲ್ಲೇ ನಿಂತರು. ನಿಧಾನವಾಗಿ, ಹೆಲ್ಮೆಟ್ಟನ್ನೂ ತೆಗೆಯದೆ, ನಮ್ಮೆದುರು ನೆಲದ ಮೇಲೆ ಕೂತರು. ಉಸಿರೆಳೆದುಕೊಳ್ಳಲು ಅಮ್ಮ ಒಂದು ಕ್ಷಣ ಓದು ನಿಲ್ಲಿಸಿದಳು.

"ನಿಲ್ಲಿಸ್ಬ್ಯಾಡ, ಮುಂದಕ್ಕೆ ಓದು," ಎಂದ ಅಪ್ಪನ ದನಿಯೂ ಸಣ್ಣಗಾಗಿತ್ತು.