ಬಟ್ಟಲಿನ ಹುಣಸೆಬೀಜಗಳು

ರೇಷ್ಮೆಗೂಡು ಬೇಯುವ ವಾಸನೆಯಿಂದ ಇಂದಿಗೂ ವಿಜಯಪುರದ ನಮ್ಮ ಮನೆಯ ಒಂದು ಮಧ್ಯಾಹ್ನ ನೆನಪಾಗುತ್ತದೆ ಎಂಬುದನ್ನು ಈ ಮೂಲಕ ತಿಳಿಯಪಡಿಸುತ್ತೇನೆ.

ನೂಲು ಬಿಚ್ಚುವಾಗ ಎಳೆ ಕಡಿದಾಗಲೆಲ್ಲ ಅಜ್ಜಿಯವರು ಬಟ್ಟಲಿಗೊಂದು ಹುಣಸೆಬೀಜ ಹಾಕುತ್ತಿದ್ದರು. ಬೀಜ ಹೆಚ್ಚಾದರೆ ಮರುದಿನ ಗೂಡು ಬೇಯಿಸುವ ನೀರಿನ ಕಾವನ್ನು ತಿದ್ದುತ್ತಿದ್ದರು. ಅಂದು ನೂಲು ಕೊಳ್ಳುವ ಸಾಹೇಬರು ಬರುವ ಹೊತ್ತಿಗೆ ಬಟ್ಟಲು ತುಂಬಿತ್ತು. ಅಷ್ಟು ಬೀಜ ಕಂಡರೆ ಅವರು ನೂಲು ಬೇಡವೆಂದಾರೆಂಬ ಭಯದಿಂದ ನಾನು ಒಂದು ಹಿಡಿ ಬೀಜವನ್ನು ಲಂಗದಲ್ಲಿ ಬಚ್ಚಿಟ್ಟೆನು. ಅವರಿಗೆ ನಮಸ್ಕರಿಸಲು ಎದ್ದಾಗ ಬೀಜಗಳೆಲ್ಲ ನೆಲಕ್ಕುರುಳಿದವು.

“ಬೀಜ ಕದ್ರೆ ನೂಲು ಗಟ್ಟಿಯಾಗುತ್ತೇನೇ, ಕಳ್ಳೀ? ಒಂದೂ ಬಿಡ್ದಂಗೆ ಆಯ್ದು ಹಾಕು!” ಎಂದು ಅಜ್ಜಿಯವರು ಗದರಿದರು.

ಸಾಹೇಬರು ಹೊಟ್ಟೆ ಹಿಡಿದು ನಕ್ಕರು. “ಬಿಡೀ ಅಮ್ಮಾ, ಕಡಿದಿದ್ದನ್ನ ಎಣಿಸಿಡೋ ಮನೆ ನಿಮ್ದೊಂದೇ. ನೂಲು ತೂಕಕ್ಕೆ ಹಾಕ್ಸಿ.”

ತಮ್ಮ ಕಾಲ ಬಳಿ ಉಳಿದಿದ್ದ ಕೊನೆಯ ಬೀಜವನ್ನು ಅವರೇ ಬಗ್ಗಿ ಎತ್ತಿ ಬಟ್ಟಲಿಗೆ ಹಾಕಿದರು.